ಹಾರ್ನ್ ಟುಕ್‌ನ ರಾಜಕೀಯ ಬೇರೆ, ವ್ಯಾಕರಣ ಬೇರೆ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಪತ್ರಿಕಾ ಸ್ವಾತಂತ್ರ್ಯದ ಚರಿತ್ರೆ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಹದಿನೆಂಟನೇ ಶತಮಾನದ ಲಂಡನ್‌ನ ಜನಪ್ರಿಯ ರಾಜಕಾರಣಿ ಜಾನ್ ವಿಲ್ಕ್ಸ್ ಬಗ್ಗೆ ಚೆನ್ನಾಗೇ ಬರ್ದಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅದೇ ವಿಲ್ಕ್ಸ್ ಬೆನ್ನಿಗೆ ನಿಂತು ಎಲೆಕ್ಷನ್ ಓಡಾಟ ಮಾಡಿ, ಅವನ ಸಾಲ ತೀರಿಸೋಕೆ ಸಂಘ ಕಟ್ಟಿ, ಆಮೇಲೆ ಅವನನ್ನೇ ಎದುರು ಹಾಕ್ಕೊಂಡ ಜಾನ್ ಹಾರ್ನ್ ಟುಕ್ ಅನ್ನೋ ಮನುಷ್ಯನಿಗೆ ಲೇಖನದಲ್ಲಿ ಸಿಕ್ಕಿರೋದು ಅರ್ಧ ಸಾಲು, ಅದೂ ವ್ಯಾಕರಣದ ಹುಚ್ಚಿದ್ದ ಒಬ್ಬ ಪಾದ್ರಿ ಅಂತ. ಇದು ನನಗೆ ತುಂಬಾ ಬೇಜಾರಾಯ್ತು. ಭಾಷೆ ಬಗ್ಗೆ ಬರೆಯೋರು ಅವನ ರಾಜಕೀಯನ ಅಡಿಟಿಪ್ಪಣಿಗೆ ತಳ್ತಾರೆ, ರಾಜಕೀಯದ ಚರಿತ್ರೆ ಬರೆಯೋರು ವ್ಯಾಕರಣನ ಹವ್ಯಾಸ ಅಂತ ಬದಿಗಿಡ್ತಾರೆ. ನಾನು ಹೇಳೋದು ಏನಂದ್ರೆ ಅವೆರಡೂ ಒಂದೇ ಕೆಲಸ, ಒಂದನ್ನ ಬಿಟ್ಟು ಇನ್ನೊಂದು ಅರ್ಥ ಆಗಲ್ಲ.

ಮೊದಲು ಪತ್ರಿಕೆಗೆ ಸಂಬಂಧಪಟ್ಟಿದ್ದೇ ಹೇಳ್ತೀನಿ. ಇವತ್ತು ವಿಧಾನಸಭೆಯಲ್ಲಿ ಯಾರು ಏನು ಮಾತಾಡಿದ್ರು ಅಂತ ಬೆಳಿಗ್ಗೆ ಪೇಪರ್‌ನಲ್ಲಿ ಓದ್ತೀವಲ್ಲ, 1771ರ ಲಂಡನ್‌ನಲ್ಲಿ ಪಾರ್ಲಿಮೆಂಟ್ ಕಲಾಪ ಹಾಗೆ ಅಚ್ಚು ಹಾಕೋದು ಹಕ್ಕುಚ್ಯುತಿ, ಅಪರಾಧ. ವೀಬಲ್, ಥಾಂಪ್ಸನ್, ಮಿಲ್ಲರ್ ಅನ್ನೋ ಮುದ್ರಕರು ಹಾಕೇಬಿಟ್ರು, ಸದನ ಅವರನ್ನ ಹಿಡ್ಕೊಂಡು ಬನ್ನಿ ಅಂತ ಆಜ್ಞೆ ಮಾಡ್ತು, ಮಿಲ್ಲರ್‌ನ ಹಿಡಿಯೋಕೆ ಹೋದ ಸದನದ ಜವಾನನನ್ನೇ ಲಂಡನ್ ನಗರದ ಕಾನ್‌ಸ್ಟೇಬಲ್ ಹಲ್ಲೆ ಕೇಸಲ್ಲಿ ಹಿಡಿದು ಮೇಯರ್ ಮುಂದೆ ನಿಲ್ಲಿಸಿದ. ಮೇಯರ್ ಬ್ರಾಸ್ ಕ್ರಾಸ್ಬಿ ಮತ್ತು ಆಲ್ಡರ್‌ಮನ್, ಅಂದ್ರೆ ನಗರಸಭೆಯ ಹಿರಿಯ ಸದಸ್ಯ, ಆಲಿವರ್ ಇಬ್ಬರನ್ನೂ ಸದನ ಟವರ್ ಜೈಲಿಗೆ ಕಳಿಸ್ತು, ಜನ ಬೀದಿಗೆ ಬಂದ್ರು, ಕೊನೆಗೆ ಸದನ ಸುಮ್ಮನಾಯ್ತು. ಅಲ್ಲಿಂದಾಚೆಗೆ ಕಲಾಪದ ವರದಿ ಹಾಕಿದ್ದಕ್ಕೆ ಮುದ್ರಕರ ಬೆನ್ನು ಹತ್ತೋದು ನಿಂತೇ ಹೋಯ್ತು. ಈ ಹೋರಾಟಕ್ಕೆ ಹೆಗಲು ಕೊಟ್ಟೋರಲ್ಲಿ ನ್ಯೂ ಬ್ರೆಂಟ್‌ಫರ್ಡ್ ಚರ್ಚಿನ ಪಾದ್ರಿ ಜಾನ್ ಹಾರ್ನ್ ಮುಖ್ಯನಾದವನು. ಟುಕ್ ಅನ್ನೋ ಹೆಸರು ಸೇರಿಸ್ಕೊಂಡಿದ್ದು 1782ರಲ್ಲಿ. ಇಷ್ಟಾದ್ರೂ ಪತ್ರಿಕಾ ಸ್ವಾತಂತ್ರ್ಯದ ಲೇಖನದಲ್ಲಿ ಬರಬೇಕಿತ್ತು ಸರ್.

ಅವನು ದೊಡ್ಡ ಮನೆತನದೋನೇನಲ್ಲ. 1736ರಲ್ಲಿ ಹುಟ್ಟಿದ್ದು, ಅಪ್ಪ ವೆಸ್ಟ್‌ಮಿನ್‌ಸ್ಟರ್‌ನ ನ್ಯೂಪೋರ್ಟ್ ಮಾರ್ಕೆಟ್‌ನಲ್ಲಿ ಕೋಳಿ ವ್ಯಾಪಾರಿ. ಹುಡುಗನಾಗಿದ್ದಾಗ ಸಹಪಾಠಿ ಜೊತೆ ಜಗಳದಲ್ಲಿ ಚಾಕು ತಗುಲಿ ಬಲಗಣ್ಣು ಹೋಯ್ತು. ಈಟನ್, ಕೇಂಬ್ರಿಡ್ಜ್ ಎಲ್ಲಾ ಓದಿ, ಅಪ್ಪನ ಆಸೆ ಅಂತ ಪಾದ್ರಿಯಾದ, ಮನಸ್ಸು ಮಾತ್ರ ಕಾನೂನು ಕಡೆಗಿತ್ತು. ವಿಲ್ಕ್ಸ್‌ಗೋಸ್ಕರ 1769ರಲ್ಲಿ ಹಕ್ಕುಗಳ ಮಸೂದೆ ಬೆಂಬಲಿಗರ ಸಂಘ ಕಟ್ಟಿದ. ಆ ಸಂಘದ ದುಡ್ಡೆಲ್ಲಾ ಒಬ್ಬ ವಿಲ್ಕ್ಸ್ ಸಾಲಕ್ಕೇ ಹೋಗ್ತಿದೆ, ಸಂಘ ಇರೋದು ಒಬ್ಬ ವ್ಯಕ್ತಿಗಲ್ಲ ಅಂತ 1771ರಲ್ಲಿ ಹೊರಗೆ ಬಂದು ಬೇರೆ ಸಂಘ ಮಾಡ್ಕೊಂಡ. ನನಗೆ ಈ ಮನುಷ್ಯನ ಮೇಲೆ ಗೌರವ ಶುರುವಾಗಿದ್ದೇ ಇಲ್ಲಿಂದ, ಯಾಕಂದ್ರೆ ಜನಪ್ರಿಯ ನಾಯಕನ ಪಕ್ಕದಲ್ಲಿ ನಿಂತ್ಕೊಂಡೇ ಲೆಕ್ಕ ಕೇಳೋದು ಯಾವ ಕಾಲದಲ್ಲೂ ಸುಲಭ ಅಲ್ಲ, ಆಗಲೂ ಲಂಡನ್ ಜನ ಅವನನ್ನ ಬೈದ್ರು, ವಿಲ್ಕ್ಸ್ ಕಡೆಯೋರು ದ್ರೋಹಿ ಅಂದ್ರು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 1775ರ ಏಪ್ರಿಲ್ 19ಕ್ಕೆ ಅಮೆರಿಕದ ಲೆಕ್ಸಿಂಗ್ಟನ್, ಕಾನ್‌ಕಾರ್ಡ್‌ನಲ್ಲಿ ಇಂಗ್ಲಿಷ್ ಸೈನ್ಯ ಗುಂಡು ಹಾರಿಸ್ತು. ಜೂನ್‌ನಲ್ಲಿ ಟುಕ್ ಲಂಡನ್ ಪತ್ರಿಕೆಗಳಿಗೆ ತನ್ನ ಸಹಿ ಹಾಕಿ ಒಂದು ಪ್ರಕಟಣೆ ಕೊಟ್ಟ, ಅಲ್ಲಿ ಸತ್ತೋರ ವಿಧವೆಯರಿಗೆ, ಅನಾಥ ಮಕ್ಕಳಿಗೆ, ವಯಸ್ಸಾದ ಅಪ್ಪ ಅಮ್ಮಂದಿರಿಗೆ ಅಂತ ತಮ್ಮ ಸಂಘದಿಂದ 100 ಪೌಂಡ್ ಕೂಡಿಸಿ ಬೆಂಜಮಿನ್ ಫ್ರಾಂಕ್ಲಿನ್ ಕೈಗೆ ತಲುಪಿಸ್ತೀವಿ ಅಂತ. ಆ ಜನ ಗುಲಾಮರಾಗಿ ಬದುಕೋದಕ್ಕಿಂತ ಸಾವೇ ಮೇಲು ಅಂದ್ರು, ಆ ಒಂದೇ ಕಾರಣಕ್ಕೆ ರಾಜನ ಸೈನ್ಯ ಅವರನ್ನ ಕ್ರೂರವಾಗಿ ಕೊಲೆ ಮಾಡ್ತು ಅಂತ ಅದರಲ್ಲಿ ಬರೆದಿತ್ತು. ಕೊಲೆ ಅನ್ನೋ ಪದವನ್ನೇ ಹಾಕಿದ್ದ, ಹಿಂದೆ ಸರಿಲಿಲ್ಲ. ಸರ್ಕಾರದ ವಿರುದ್ಧ ಜನರನ್ನ ಎತ್ತಿಕಟ್ಟೋ ಬರಹ ಅಂತ ಮುದ್ರಕರ ಮೇಲೂ ಕೇಸಾಯ್ತು, 1777ರ ಜುಲೈ 4ಕ್ಕೆ ಗಿಲ್ಡ್‌ಹಾಲ್‌ನಲ್ಲಿ ಮುಖ್ಯ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಮುಂದೆ ಟುಕ್‌ನ ವಿಚಾರಣೆ ನಡೀತು, ತನ್ನ ವಾದ ತಾನೇ ಮಾಡ್ದ. 200 ಪೌಂಡ್ ದಂಡ, ಒಂದು ವರ್ಷ ಜೈಲು. ಆಗೆಲ್ಲಾ ಇಂಥ ಕೇಸಲ್ಲಿ ಬರೆದಿದ್ದು ಅಚ್ಚಾಗಿದೆಯೋ ಇಲ್ವೋ ಅಷ್ಟೇ ಜ್ಯೂರಿ ಹೇಳಬೇಕು, ಅದು ಅಪರಾಧವೋ ಅಲ್ವೋ ಅನ್ನೋದು ಜಡ್ಜ್ ಕೈಲಿ ಅಂತ ಮ್ಯಾನ್ಸ್‌ಫೀಲ್ಡ್ ನಿಲುವು. 1792ರಲ್ಲಿ ಸಂಸದ ಫಾಕ್ಸ್ ತಂದ ಕಾಯ್ದೆ ಬಂದ ಮೇಲೇ ಅದು ಬದಲಾಗಿದ್ದು.

ಆ ಕೇಸಿನ ಆರೋಪಪಟ್ಟಿಯಲ್ಲೇ ಲೋಪ ಇದೆ ಅಂತ ಟುಕ್ ಆಗ ಕೊನೇ ಮೇಲ್ಮನವಿ ಕೇಳ್ತಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋದ. ಈ ಬರಹ ರಾಜನ ಸರ್ಕಾರದ ಮತ್ತು ಅವನ ಸೈನ್ಯದ ಬಳಕೆಯ 'ಕುರಿತು' ಬರೆದದ್ದು ಅಂತ ಆರೋಪಪಟ್ಟಿ ಹೇಳ್ತಿತ್ತು, ಇಂಗ್ಲಿಷಿನಲ್ಲಿ ಅದಕ್ಕೆ ಎರಡು ಪುಟ್ಟ ಪದ ಹಾಕಿದ್ರು, 'ಆಫ್' ಮತ್ತು 'ಕನ್ಸರ್ನಿಂಗ್'. ಅಷ್ಟು ಹೇಳಿದ್ರೆ ಸಾಕಾ, ಅದು ಹೇಗೆ ಸರ್ಕಾರದ ಬಗ್ಗೆ ಆಗುತ್ತೆ ಅಂತ ವಿವರವಾಗಿ ಹೇಳಬೇಕಾ ಅನ್ನೋದು ವಾದ. ಅಷ್ಟೇ ಸಾಕು ಅಂದ್ರು ಜಡ್ಜ್‌ಗಳು. ಇದರ ಜೊತೆಗೆ ಹಳೇ ಕೇಸೊಂದರ ತೀರ್ಪಿನಲ್ಲಿ 'ದಟ್' ಅನ್ನೋ ಪದ, ಅಂದ್ರೆ ನಮ್ಮ 'ಅಂತ' ಇದೆಯಲ್ಲ ಅದು, ಏನು ಕೆಲಸ ಮಾಡುತ್ತೆ ಅನ್ನೋ ಚರ್ಚೆಯೂ ಬಂತು. ಒಬ್ಬಾಕೆ, ಕ್ರುಕ್ ಅನ್ನೋನ ಮೇಲೆ ಫೋರ್ಜರಿ ಆರೋಪ ಇದೆ ಅಂತ ಗೊತ್ತಿದ್ದೂ ಹೀಗೆ ಮಾಡಿದಳು ಅಂತ ಬರೆದ್ರೆ, ಕ್ರುಕ್ ಮೇಲೆ ಆರೋಪ ಇತ್ತು ಅನ್ನೋದನ್ನ ನೇರವಾಗಿ ಹೇಳಿದ ಹಾಗಾಯ್ತಾ ಇಲ್ವಾ? ಹೇಳಿದ ಹಾಗೇ ಆಯ್ತು ಅಂತ ಟುಕ್. ಆ ವಾಕ್ಯನ ಬಿಡಿಸಿ ನೋಡಿ, 'ಕ್ರುಕ್ ಮೇಲೆ ಫೋರ್ಜರಿ ಆರೋಪ ಇತ್ತು. ಅದು ಗೊತ್ತಿದ್ದೂ ಅವಳು ಹೀಗೆ ಮಾಡಿದಳು' ಅಂತಲೇ ಅದರ ಅರ್ಥ, 'ದಟ್' ಅನ್ನೋದು ಎಲ್ಲೇ ಬಂದ್ರೂ 'ಅದು' ಅನ್ನೋ ಪದವೇ, ಅದನ್ನ ಏನೋ ಅರ್ಥವಿಲ್ಲದ ಕೊಂಡಿ ಅಂತ ವ್ಯಾಕರಣದೋರು ಮಾಡಿಟ್ಟಿದ್ದಾರೆ ಅಂತ ಅವನ ವಾದ. ಇದನ್ನ ಅವನು ವಕೀಲ ಡನ್ನಿಂಗ್‌ಗೆ ಬರೆದ ಪತ್ರ ಅಂತ 1778ರಲ್ಲಿ ಅಚ್ಚು ಹಾಕ್ಸಿದ, ಕಿಂಗ್ಸ್ ಬೆಂಚ್ ಜೈಲಲ್ಲಿ ಇದ್ಕೊಂಡು. ನಾನು ಎರಡು ಪ್ರಿಪೊಸಿಷನ್, ಒಂದು ಕಂಜಂಕ್ಷನ್‌ಗೆ ಬಲಿಯಾದ ದುರದೃಷ್ಟವಂತ ಅಂತ ಆಮೇಲೆ ತಾನೇ ಬರ್ಕೊಂಡಿದ್ದಾನೆ.

ಸರ್, ಇದು ನನ್ನ ಮನಸ್ಸಿಗೆ ಇಷ್ಟು ಹತ್ತಿರ ಆಗೋಕೆ ಕಾರಣ ನನ್ನ ಕಸುಬು. ಸಬ್ ರಿಜಿಸ್ಟ್ರಾರ್ ಆಫೀಸ್ ಎದುರು ಕೂತು ಕ್ರಯಪತ್ರ, ವಿಭಾಗಪತ್ರ, ವಿಲ್ ಬರೆದು ಕೊಡೋನು ನಾನು. ಹಳೇ ವಿಭಾಗಪತ್ರ ಒಂದರಲ್ಲಿ 'ಬಾವಿ ಹಾಗೂ ಪಂಪ್‌ಸೆಟ್‌ನಲ್ಲಿ ಅರ್ಧ ಹಕ್ಕು' ಅಂತ ಬರೆದಿತ್ತು. ಆ 'ನಲ್ಲಿ' ಬಾವಿಗೂ ಸೇರುತ್ತಾ, ಇಲ್ಲ ಬಾವಿ ಪೂರ್ತಿ ಒಬ್ಬನಿಗೆ, ಪಂಪ್‌ಸೆಟ್ ಮಾತ್ರ ಅರ್ಧ ಅರ್ಧನಾ ಅಂತ ಅಣ್ಣ ತಮ್ಮ ಇಬ್ಬರೂ ವರ್ಷಗಟ್ಟಲೆ ಕೋರ್ಟ್ ಮೆಟ್ಟಿಲು ಹತ್ತಿದ್ರು, ತೋಟ ಒಣಗ್ತು. ಬರೆದೋನಿಗೆ ಅದು ಒಂದು ವಿಭಕ್ತಿ ಪ್ರತ್ಯಯ ಅಷ್ಟೇ. ಅದಕ್ಕೇ ಜೈಲಲ್ಲಿ ಕೂತು 'ಅಂತ'ದ ಬಗ್ಗೆ ಪುಸ್ತಕ ಬರೆಯೋದು ಹುಚ್ಚು ಅಂತ ಯಾರಾದ್ರೂ ಅಂದ್ರೆ ನನಗೆ ಕೋಪ ಬರುತ್ತೆ. ದೊಡ್ಡ ದೊಡ್ಡ ಪದಗಳಿಗೆ ಎಲ್ಲರೂ ಕಾವಲಿರ್ತಾರೆ, ಹಕ್ಕು, ಸ್ವಾತಂತ್ರ್ಯ, ದ್ರೋಹ, ಎಲ್ಲದಕ್ಕೂ. ಬಡವನ ಆಸ್ತಿ, ಕೆಲವು ಸಲ ಬಡವನ ಜೀವ ನಿಂತಿರೋದು ಈ ಸಣ್ಣ ಪದಗಳ ಮೇಲೆ, ಅವುಗಳ ಅರ್ಥ ಹೇಳೋ ಅಧಿಕಾರ ಮಾತ್ರ ಪೀಠದಲ್ಲಿ ಕೂತೋರಿಗೆ ಬಿಟ್ಟಿದ್ದೀವಿ.

ಆ ಪತ್ರವೇ ಬೆಳೆದು 1786ರಲ್ಲಿ 'ಡೈವರ್ಷನ್ಸ್ ಆಫ್ ಪರ್ಲಿ' ಅನ್ನೋ ಪುಸ್ತಕದ ಮೊದಲ ಭಾಗ ಆಯ್ತು, ಎರಡನೇದು ಬಂದಿದ್ದು 1805ಕ್ಕೆ. ಪರ್ಲಿ ಅನ್ನೋದು ಸ್ನೇಹಿತ ವಿಲಿಯಂ ಟುಕ್‌ನ ಎಸ್ಟೇಟ್ ಇದ್ದ ಊರು, ಇವನ ಹೆಸರನ್ನೇ ಹಾರ್ನ್ ತನ್ನ ಹೆಸರಿಗೆ ಸೇರಿಸ್ಕೊಂಡಿದ್ದು. ಆ ಸ್ನೇಹದ ಕಥೆನೂ ಹೇಳಲೇಬೇಕು. ಅಕ್ಕಪಕ್ಕದ ಜಮೀನ್ದಾರ ಊರೋರೆಲ್ಲಾ ಬಳಸೋ ಸಾಮಾನ್ಯ ಭೂಮಿಗೆ ಬೇಲಿ ಹಾಕಿಕೊಳ್ಳೋ ಮಸೂದೆನ 1774ರಲ್ಲಿ ಪಾರ್ಲಿಮೆಂಟ್‌ನಲ್ಲಿ ಅವಸರವಾಗಿ ಪಾಸ್ ಮಾಡಿಸೋಕೆ ಹೊರಟಿದ್ದ, ವಿಲಿಯಂ ಟುಕ್ ಕೊಟ್ಟ ಅರ್ಜಿ ಯಾರೂ ಕಣ್ಣೆತ್ತಿ ನೋಡ್ತಿರಲಿಲ್ಲ. ಹಾರ್ನ್ ಏನ್ ಮಾಡ್ದ, ಸ್ಪೀಕರ್ ಫ್ಲೆಚರ್ ನಾರ್ಟನ್ ವಿರುದ್ಧವೇ ಖಾರವಾಗಿ ಪತ್ರಿಕೆಗೆ ಬರೆದ, ತನ್ನನ್ನ ಸದನಕ್ಕೆ ಕರೆಸಲಿ ಅಂತಲೇ. ಕರೆಸಿದ್ರು, ಗಲಾಟೆ ಆಯ್ತು, ಎಲ್ಲರ ಕಣ್ಣು ಆ ಮಸೂದೆ ಮೇಲೆ ಬಿತ್ತು, ಅನ್ಯಾಯದ ಕಲಮುಗಳನ್ನ ತೆಗೆದು ಹಾಕಿದ್ರು. ಒಂದು ಪತ್ರ ಬರೆದು ಕಾಯ್ದೆನೇ ತಿದ್ದಿಸಿದ ಮನುಷ್ಯ ಸರ್ ಅವನು.

ಪುಸ್ತಕದ ವಾದ ದೊಡ್ಡದು, ನಾನು ಸುಲಭವಾಗಿ ಹೇಳ್ತೀನಿ. ಭಾಷೆಗೆ ನಿಜವಾಗಿ ಬೇಕಿರೋದು ನಾಮಪದ ಮತ್ತು ಕ್ರಿಯಾಪದ ಎರಡೇ. ಮಿಕ್ಕಿದ್ದೆಲ್ಲಾ ಅವುಗಳೇ ಸವೆದು ಚಿಕ್ಕದಾಗಿರೋದು, ಬೇಗ ಮಾತಾಡೋಕೆ ಮಾಡ್ಕೊಂಡಿರೋ ಸಂಕ್ಷೇಪ. ಇಂಗ್ಲಿಷಿನ 'ಇಫ್' ಅಂದ್ರೆ ಹಳೇ ಇಂಗ್ಲಿಷಿನ 'ಕೊಡು' ಅನ್ನೋ ಕ್ರಿಯಾಪದ, 'ಥ್ರೂ' ಅಂದ್ರೆ 'ಬಾಗಿಲು', ಹೀಗೆ ಸಾಲು ಸಾಲು. ಪಂಡಿತರು ಗ್ರೀಕ್, ಲ್ಯಾಟಿನ್ ನೋಡ್ಕೊಂಡು ಇಂಗ್ಲಿಷ್ ವ್ಯಾಕರಣ ಬರೀತಿದ್ದಾಗ ಇವನು ಹೊಲದಲ್ಲಿ ಅಂಗಡಿಯಲ್ಲಿ ಜನ ಆಡೋ ಹಳೇ ಸ್ಯಾಕ್ಸನ್, ಅಂದ್ರೆ ಹಳೇ ಇಂಗ್ಲಿಷ್ ಪದಗಳನ್ನ ಹುಡುಕಿದ, ಅವರ ಮಾತಿನ ಬೇರು ಅವರ ನೆಲದಲ್ಲೇ ಇದೆ ಅಂದ. ಅವನ ಎಷ್ಟೋ ವ್ಯುತ್ಪತ್ತಿಗಳು ತಪ್ಪು, ಇವತ್ತಿನ ಭಾಷಾವಿಜ್ಞಾನ ಅವನ್ನ ಒಪ್ಪಲ್ಲ, ಇಫ್ ಕೂಡ ಒಪ್ಪಲ್ಲ, ಅದನ್ನ ಮುಚ್ಚಿಡೋ ಅಗತ್ಯ ಇಲ್ಲ. ಪದದ ಹುಟ್ಟು ಗೊತ್ತಾದ ಮಾತ್ರಕ್ಕೆ ಅದರ ಇವತ್ತಿನ ಅರ್ಥ ನಿರ್ಧಾರ ಆಗಲ್ಲ ಅಂತ ಸ್ಕಾಟ್ಲೆಂಡಿನ ಡುಗಾಲ್ಡ್ ಸ್ಟೀವರ್ಟ್ ಆಗಲೇ ಟೀಕೆ ಮಾಡಿದ್ದ, ಆ ಟೀಕೆ ಸರಿಯಾಗೇ ಇದೆ. ಹಾಗಿದ್ದೂ ಯಾವ ಪದವೂ ಆಕಾಶದಿಂದ ಇಳಿದಿಲ್ಲ, ಪ್ರತಿಯೊಂದಕ್ಕೂ ಹಿಂದೆ ಒಂದು ವಸ್ತು, ಒಂದು ಕೆಲಸ ಇದ್ದೇ ಇರುತ್ತೆ, ಅದನ್ನ ಕೇಳೋ ಹಕ್ಕು ಎಲ್ಲರಿಗೂ ಇದೆ ಅನ್ನೋ ಅವನ ಹಟ ಇದೆಯಲ್ಲ, ಅದು ನನಗೆ ದೊಡ್ಡದು.

ಒಂದು ಮಾತು ಇಲ್ಲಿ ಸೇರಿಸ್ತೀನಿ, ಇಂಗ್ಲಿಷಿಗೆ ಅಷ್ಟಾಗಿ ಹೊಂದದ ಅವನ ಲೆಕ್ಕ ನಮ್ಮ ಕನ್ನಡದ ಎಷ್ಟೋ ಪದಕ್ಕೆ ಹಾಗೇ ಕೂತ್ಕೊಳ್ಳುತ್ತೆ. 'ಆದರೆ' ಅನ್ನೋದು 'ಆಗು' ಅನ್ನೋ ಕ್ರಿಯಾಪದ, 'ಎಂದು', 'ಅಂತ' ಎರಡೂ 'ಎನ್ನು', 'ಅನ್ನು' ಇಂದ ಬಂದಿದ್ದು, ಅವನನ್ನ ಜೈಲಿಗೆ ಹಾಕಿದ 'ಕುರಿತು' ಕೂಡ ನಮ್ಮಲ್ಲಿ ಕ್ರಿಯಾಪದದ ರೂಪವೇ, ಗುರಿ ಇಡೋದು ಅನ್ನೋ ಅರ್ಥದ್ದು. ಅವನಿಗೆ ಕನ್ನಡ ಗೊತ್ತಿರಲಿಲ್ಲ, ಗೊತ್ತಿದ್ರೆ ಎಷ್ಟು ಖುಷಿಪಡ್ತಿದ್ದನೋ ಅನ್ಸುತ್ತೆ. ಅದೇ 1786ರ ಫೆಬ್ರವರಿಯಲ್ಲಿ ಕಲ್ಕತ್ತಾದಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದ್ದು ಅಂತ ಭಾಷಣ ಮಾಡ್ದ. ಆ ಜೋನ್ಸ್ ಕೂಡ ಇಂಡಿಯಾಗೆ ಬರೋ ಮುಂಚೆ ಟುಕ್ ಇದ್ದ ಸುಧಾರಣಾವಾದಿ ಸಂಘದ ಸದಸ್ಯನೇ, ಸೊಸೈಟಿ ಫಾರ್ ಕಾನ್‌ಸ್ಟಿಟ್ಯೂಷನಲ್ ಇನ್ಫರ್ಮೇಷನ್ ಅಂತ, ಅವನು ಸರ್ಕಾರದ ತತ್ವಗಳ ಬಗ್ಗೆ ರೈತನಿಗೆ ಪಂಡಿತ ತಿಳಿಸಿ ಹೇಳೋ ಹಾಗೆ ಬರೆದ ಸಣ್ಣ ಪುಸ್ತಕವನ್ನ ಸಂಘ ಪುಕ್ಕಟೆ ಹಂಚಿತ್ತು. ಜೋನ್ಸ್ ಹಾಕಿದ ದಾರಿ ಹಿಡಿದು 1816ರಲ್ಲಿ ಮದರಾಸಿನಲ್ಲಿ ಎಲ್ಲಿಸ್ ಅನ್ನೋ ಅಧಿಕಾರಿ ತಮಿಳು, ತೆಲುಗು, ಕನ್ನಡ ಸಂಸ್ಕೃತದಿಂದ ಹುಟ್ಟಿದ್ದಲ್ಲ, ಬೇರೆಯೇ ಕುಟುಂಬ ಅಂತ ತೋರಿಸಿದ. ಆ ಕಾಲದಲ್ಲಿ ಭಾಷೆ ವಿಚಾರ ಮಾಡೋರೂ ವೋಟಿನ ಹಕ್ಕು ಕೇಳೋರೂ ಎಷ್ಟು ಸಲ ಒಬ್ಬರೇ ಆಗಿರ್ತಿದ್ರು ಅಂತ ತಿಳಿಯೋಕೆ ಇಷ್ಟು ಹೇಳ್ದೆ.

1794ರ ಕಥೆ ಬಿಟ್ಟರೆ ಈ ಪತ್ರ ಬರೆದಿದ್ದೇ ವ್ಯರ್ಥ. ಫ್ರಾನ್ಸ್ ಕ್ರಾಂತಿಯಿಂದ ಪ್ರಧಾನಿ ಪಿಟ್ ಸರ್ಕಾರಕ್ಕೆ ಭಯ ಹತ್ತಿತ್ತು. ಚಪ್ಪಲಿ ಹೊಲಿಯೋ ಥಾಮಸ್ ಹಾರ್ಡಿ 1792ರಲ್ಲಿ ಕಟ್ಟಿದ ಲಂಡನ್ ಕರೆಸ್ಪಾಂಡಿಂಗ್ ಸೊಸೈಟಿಯಲ್ಲಿ ಕೆಲಸಗಾರರು ಸೇರಿ ವೋಟಿನ ಹಕ್ಕು ಕೇಳ್ತಿದ್ರು. ಮೇ ತಿಂಗಳಲ್ಲಿ ಹಾರ್ಡಿನ ಹಿಡಿದ್ರು. ಆಗ ಜೆರಮಯ್ಯ ಜಾಯ್ಸ್ ಅನ್ನೋನು ಟುಕ್‌ಗೆ ಚೀಟಿ ಬರೆದ, ಇವತ್ತು ಬೆಳಿಗ್ಗೆ ಆರಕ್ಕೆ ಹಾರ್ಡಿನ ಹಿಡ್ಕೊಂಡು ಹೋದ್ರು, ಸಿಕ್ಕಿದ್ದೆಲ್ಲಾ ಜಪ್ತಿ ಮಾಡಿದ್ರು, ಗುರುವಾರದೊಳಗೆ ರೆಡಿ ಮಾಡೋಕೆ ಆಗುತ್ತಾ, ಅಂತ. ಚೀಟಿ ಸರ್ಕಾರದ ಕೈಗೆ ಸಿಕ್ತು. ಗುರುವಾರ ದಂಗೆ ಏಳ್ತಾರೆ ಅಂತ ಓದ್ಕೊಂಡ್ರು! ನಿಜದಲ್ಲಿ ಅದು ಪಿಟ್ ತನ್ನ ಮನೆಯೋರಿಗೆ ಕೊಟ್ಟಿದ್ದ ಹುದ್ದೆ, ಪಿಂಚಣಿಗಳನ್ನ ಸರ್ಕಾರದ ಪಟ್ಟಿಯಿಂದಲೇ ಹೆಕ್ಕಿ ಟುಕ್ ತಯಾರು ಮಾಡ್ಬೇಕಿದ್ದ ಒಂದು ಟಿಪ್ಪಣಿ ಬಗ್ಗೆ. ಮೇ 16ಕ್ಕೆ ಟುಕ್ ಅರೆಸ್ಟ್, ಟವರ್ ಜೈಲು, ರಾಜದ್ರೋಹದ ಆರೋಪ, ಸಾಬೀತಾದ್ರೆ ಮರಣದಂಡನೆ. ಅಲ್ಲಿ ಅವನು ದಿನಚರಿ ಬರೆದಿದ್ದು ಎಲ್ಲಿ ಗೊತ್ತಾ, ತನ್ನ ವ್ಯಾಕರಣದ ಪುಸ್ತಕದ ಪ್ರತಿಯಲ್ಲಿ, ಹಾಳೆ ಹಾಳೆ ಮಧ್ಯೆ ಸೇರಿಸಿದ್ದ ಬಿಳಿ ಕಾಗದದ ಮೇಲೆ.

ವಿಚಾರಣೆ ಶುರುವಾಗಿದ್ದು ನವೆಂಬರ್ 17ಕ್ಕೆ ಲಂಡನ್‌ನ ಓಲ್ಡ್ ಬೇಯ್ಲಿ ಕೋರ್ಟ್‌ನಲ್ಲಿ, ಎರ್‌ಸ್ಕಿನ್ ಅವನ ಪರ ವಕೀಲ. ಟುಕ್ ಪ್ರಧಾನಿ ಪಿಟ್‌ನನ್ನೇ ಸಾಕ್ಷಿಯಾಗಿ ಕರೆಸಿದ, ಹನ್ನೆರಡು ವರ್ಷದ ಹಿಂದೆ ನೀವೂ ಪಾರ್ಲಿಮೆಂಟ್ ಸುಧಾರಣೆ ಸಭೆಗೆ ಬಂದಿದ್ರಲ್ಲ ಅಂತ ಕೇಳಿಸಿದ. ಪಿಟ್ ಮೊದಲು ನೆನಪಿಲ್ಲ ಅಂದ, ಆಮೇಲೆ ಸಂಸದ ಶೆರಿಡನ್ ಬಂದು ಹೌದು ಇಬ್ಬರೂ ಇದ್ವಿ ಅಂತ ಸಾಕ್ಷಿ ಹೇಳಿದ ಮೇಲೆ ಪಿಟ್ ಒಪ್ಪಿಕೊಳ್ಳಬೇಕಾಯ್ತು. ಪ್ರಧಾನಿ ಹೇಳಿದಾಗ ಸುಧಾರಣೆ, ಚಪ್ಪಲಿ ಹೊಲಿಯೋನು ಹೇಳಿದಾಗ ರಾಜದ್ರೋಹ, ಮಾತು ಒಂದೇ ಅಂತ ಇಡೀ ಕೋರ್ಟಿಗೆ ಕಾಣ್ತು. ಜ್ಯೂರಿ ಒಳಗೆ ಹೋಗಿ ಎಂಟೇ ನಿಮಿಷದಲ್ಲಿ ಹೊರಗೆ ಬಂದು ನಿರಪರಾಧಿ ಅಂದ್ರು.

ಅವನಲ್ಲಿ ಕೊರತೆ ಇರಲಿಲ್ಲ ಅಂತಲ್ಲ. ಎಲ್ಲರಿಗೂ ವೋಟು ಅನ್ನೋದಕ್ಕೆ ಅವನು ಪೂರ್ತಿ ಒಪ್ಪಲಿಲ್ಲ, ನೀವು ವಿಂಡ್ಸರ್‌ವರೆಗೂ ಹೋಗಿ, ನಾನು ದಾರಿ ಮಧ್ಯೆ ಹೌನ್ಸ್ಲೋನಲ್ಲೇ ಇಳ್ಕೊತೀನಿ ಅಂದಿದ್ದ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ 1790ರಲ್ಲಿ, 1796ರಲ್ಲಿ ನಿಂತು ಸೋತ, ಆಮೇಲೆ 1801ರಲ್ಲಿ ಓಲ್ಡ್ ಸಾರಮ್ ಅನ್ನೋ, ಜನವೇ ಇಲ್ಲದ ಊರಿಗೆ ಇಬ್ಬರು ಸದಸ್ಯರಿದ್ದ ಕ್ಷೇತ್ರದಿಂದ, ಒಬ್ಬ ಲಾರ್ಡ್ ಕೊಟ್ಟ ಸೀಟಿನಲ್ಲಿ ಪಾರ್ಲಿಮೆಂಟಿಗೆ ಹೋದ. ಜೀವನವಿಡೀ ಇಂಥ ಕ್ಷೇತ್ರಗಳ ವಿರುದ್ಧ ಮಾತಾಡಿದೋನು ಅದನ್ನ ಒಪ್ಪಿಕೊಳ್ಳಬಾರದಿತ್ತು ಅನ್ನೋದು ನನ್ನ ಅಭಿಪ್ರಾಯ. ಆದ್ರೆ ಸರ್ಕಾರ ಮಾಡಿದ್ದು ಇನ್ನೂ ಕೆಟ್ಟದ್ದು. ಪಾದ್ರಿ ಆಗಿದ್ದೋನು ಸದಸ್ಯ ಆಗಬಾರದು ಅಂತ ಅವನೊಬ್ಬನಿಗೋಸ್ಕರ ಕಾಯ್ದೆನೇ ತಂದ್ರು. ಪಾದ್ರಿಗಿರಿ ಅವನು 1773ರಲ್ಲೇ ಬಿಟ್ಟಿದ್ದ. 1777ರ ಕೇಸಿನ ಜೈಲಿಂದ ಬಂದಾಗ ವಕೀಲನಾಗೋಕೆ ಇನ್ನರ್ ಟೆಂಪಲ್ ಅನ್ನೋ ವಕೀಲರ ಸಂಘ ಬಿಡಲಿಲ್ಲ, ಅದಕ್ಕೂ ಇದೇ ಕಾರಣ. ಆ ಕಾಯ್ದೆ ರದ್ದಾಗಿದ್ದು 2001ರಲ್ಲಿ, ಬರೋಬ್ಬರಿ ಇನ್ನೂರು ವರ್ಷಕ್ಕೆ. ಅವನು ತೀರ್ಕೊಂಡಿದ್ದು 1812ರ ಮಾರ್ಚ್ 18ಕ್ಕೆ.

1777ರಲ್ಲಿ ಟುಕ್‌ನ ಜೈಲಿಗೆ ಹಾಕಿದ ಆ ಇಂಗ್ಲಿಷ್ ಕಾನೂನಿನ ವಂಶದ್ದೇ ನಮ್ಮ ಹಳೇ ದಂಡಸಂಹಿತೆಯ 124ಎ, ಸರ್ಕಾರದ ವಿರುದ್ಧ ದ್ವೇಷ ಹುಟ್ಟಿಸೋದು ಅಪರಾಧ ಅನ್ನೋ ಕಲಮು, ಅದನ್ನ ಇಲ್ಲಿ ಸೇರಿಸಿದ್ದು 1870ರಲ್ಲಿ. ಇಂಗ್ಲೆಂಡ್ ತನ್ನ ನೆಲದಲ್ಲಿ ಆ ಅಪರಾಧವನ್ನ 2009ರ ಕಾಯ್ದೆಯಲ್ಲಿ ಕೈಬಿಡ್ತು. ನಮ್ಮಲ್ಲಿ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನ ತಡೆಹಿಡೀತು, 2024ರ ಜುಲೈಯಿಂದ ಹೊಸ ಸಂಹಿತೆ ಬಂದಿದೆ. ಹೊಸ ಕಲಮಿನ ಕನ್ನಡ ಪಾಠವನ್ನ ವಕೀಲರಲ್ಲದ ಜನ ಓದ್ತಾ ಇದ್ದಾರಾ, 'ಅಥವಾ' ಎಲ್ಲೆಲ್ಲಿ ಬಂದಿದೆ, 'ಮೂಲಕ' ಎಲ್ಲಿ ಬಂದಿದೆ ಅಂತ ಯಾರಾದ್ರೂ ಕೂತು ನೋಡ್ತಾ ಇದ್ದಾರಾ? ಪತ್ರಿಕೆಗಳು ಈ ಕೆಲಸ ಮಾಡ್ಬೇಕು.

ಹಾಗಾಗಿ ನನ್ನ ಕೋರಿಕೆ ಇಷ್ಟು. ಲೇಖನ ಬರೆದೋರಿಗೇ ಹೇಳಿ, ಟುಕ್ ಬಗ್ಗೆ ಒಂದು ಪೂರ್ತಿ ಪುಟ ಬರೆಸಿ, 1777ರ ಕೇಸು ಮತ್ತು ವ್ಯಾಕರಣದ ಪುಸ್ತಕ ಎರಡನ್ನೂ ಒಟ್ಟಿಗೆ ಇಟ್ಟು. ಅವನ ಪುಸ್ತಕದ ಹಳೇ ಮುದ್ರಣ ಸ್ಕ್ಯಾನ್ ಆಗಿ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತೆ, 1794ರ ವಿಚಾರಣೆಯ ವರದಿನೂ ಅಚ್ಚಾಗಿದೆ. ಜಾಗ ಕಮ್ಮಿ ಅಂದ್ರೆ ಗುರುವಾರದ ಚೀಟಿ ಮತ್ತು ಪಿಟ್ ಸಾಕ್ಷಿ ಹೇಳಿದ ಭಾಗ ಇವೆರಡನ್ನ ಮೊದಲು ಕನ್ನಡಕ್ಕೆ ಮಾಡಿಸಿ ಹಾಕಿ, ಮಿಕ್ಕಿದ್ದು ಮುಂದಿನ ವಾರಕ್ಕೆ ಇಟ್ಕೊಳ್ಳಿ.

ಇಂತಿ ನಿಮ್ಮ ಓದುಗ,
ಒಬ್ಬ ದಸ್ತಾವೇಜು ಬರಹಗಾರ, ತಿಪಟೂರು